ಐವತ್ತೆಂಟು ಅರವತ್ತಾದ ವರ್ಷ

ಸರೋಜಿನಿ ನಗರ ಅಂದರೆ ಈಗಿನ ಹುಡುಗ ಹುಡುಗಿಯರಿಗೆ ಬಟ್ಟೆ ಮಾರ್ಕೆಟ್ಟು. ರಫ್ತಿಗೆಂದು ಹೊಲಿದು, ಹೆಚ್ಚಾಗಿಯೋ ಸಣ್ಣ ಕುಂದಿನಿಂದಲೋ ಇಲ್ಲೇ ಉಳಿದ ಮಾಲು ರಾಶಿ ರಾಶಿ ಬಿದ್ದಿರುವ ಜಾಗ. ನನಗೆ ಅದು ಮೊದಲಿಗೆ ಸರ್ಕಾರಿ ಕ್ವಾರ್ಟರ್ಸ್. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರಿ ನೌಕರರಿಗಾಗಿ ಕಟ್ಟಿದ, ವಿನಯ ನಗರ ಎನ್ನುವ ಹೆಸರಿದ್ದು ಆಮೇಲೆ ಸರೋಜಿನಿ ನಾಯ್ಡು ಅವರ ಹೆಸರು ಪಡೆದ ಬಡಾವಣೆ. ಎರಡು ಕೋಣೆ, ಹಿಂದೊಂದು ಅಂಗಳ, ಕಿಟಕಿಗೆ ಕಟ್ಟಿದ ಕೂಲರು, ಬೀದಿಯ ಎರಡೂ ಕಡೆ ಬೇವಿನ ಮರ. ಅಂಥದೊಂದು ಮನೆಯಲ್ಲಿ ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ಕೇಂದ್ರದ ಒಂದು ಇಲಾಖೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿಕೊಂಡು ಇದ್ದರು. 1997ರ ಕೊನೆಯಲ್ಲಿ ಶಿವಮೊಗ್ಗ ಕಡೆಯಿಂದ ಬಿ.ಇ. ಮುಗಿಸಿ ಬಂದ ನಾನು ಅವರ ಮನೆಯಲ್ಲಿ ಉಳಿದುಕೊಂಡು ನೆಹರೂ ಪ್ಲೇಸಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸೇರಿದೆ.

ಕೆಲಸ ಸಿಕ್ಕಿದ್ದು ವೈಟುಕೆ ಕೃಪೆಯಿಂದ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಂಗಳು 2000 ಬಂದಾಗ ಏನು ಮಾಡುತ್ತವೋ ಎಂದು ಜಗತ್ತೆಲ್ಲ ಕಂಗಾಲಾಗಿದ್ದ ಕಾಲ. ಆ ಪ್ರೋಗ್ರಾಂಗಳ ಭಾಷೆಯಾದ ಕೋಬಾಲ್ ಬಲ್ಲವರಿಗೆ ಮಾತ್ರವಲ್ಲ, ಕಲಿಯುತ್ತೇನೆ ಎಂದವರಿಗೂ ಕೆಲಸವಿತ್ತು. ನಮ್ಮ ಕಂಪನಿ ಕೇಂದ್ರದ ಒಂದು ಸಂಸ್ಥೆಯ ಸಂಬಳ ಮತ್ತು ಪಿಂಚಣಿ ಪ್ರೋಗ್ರಾಂಗಳ ಮೇಂಟೆನೆನ್ಸ್ ಗುತ್ತಿಗೆ ಹಿಡಿದಿತ್ತು. ಎಂಬತ್ತರ ದಶಕದಲ್ಲಿ ಬರೆದ ಕೋಡು. ಬರೆದವರು ಯಾರೂ ಅಲ್ಲಿರಲಿಲ್ಲ. ಕೋಡಿನ ಜೊತೆಗೆ ಇರಬೇಕಾಗಿದ್ದ ವಿವರಣೆಯ ಕಡತವೂ ಇರಲಿಲ್ಲ.

ಮೇಂಟೆನೆನ್ಸ್ ಎನ್ನುವ ಮಾತಿಗೆ ಆಗಲೂ ಮರ್ಯಾದೆ ಇರಲಿಲ್ಲ, ಈಗಲೂ ಇಲ್ಲ. ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮಗಳಲ್ಲಿ ಸಿಗುತ್ತಿದ್ದ ನನ್ನ ವಯಸ್ಸಿನವರು ಮೊದಲು ಕೇಳುತ್ತಿದ್ದ ಪ್ರಶ್ನೆಯೇ ಅದು: “ನಿಂದು ಡೆವಲಪ್‌ಮೆಂಟಾ, ಮೇಂಟೆನೆನ್ಸಾ?” ಮೇಂಟೆನೆನ್ಸ್ ಅಂದರೆ ಅಯ್ಯೋ ಪಾಪ ಎನ್ನುವ ಮುಖ. ಹೊಸದನ್ನು ಕಟ್ಟುವವರು ಬೆಳೆಯುತ್ತಾರೆ, ಹಳೆಯದನ್ನು ನೋಡಿಕೊಳ್ಳುವವರು ಇದ್ದಲ್ಲೇ ಇರುತ್ತಾರೆ ಎಂದು ಎಲ್ಲರೂ ನಂಬಿದ್ದರು. ನಾನು ಪ್ರೋಗ್ರಾಂ ಬರೆಯುವ ಕಸುಬನ್ನು ಕಲಿತದ್ದು ಆ ಹಳೆಯ ಕೋಡಿನಲ್ಲೇ. ಇಪ್ಪತ್ತೈದು ವರ್ಷಕ್ಕೂ ಮೇಲೆ ಇದೇ ಕೆಲಸದಲ್ಲಿದ್ದು ಹೇಳುತ್ತಿದ್ದೇನೆ: ಹೊಸದನ್ನು ಬರೆಯುವುದು ಕೈಗೆ ಅಭ್ಯಾಸ ಕೊಡುತ್ತದೆ, ಯಾರೋ ಬರೆದು ಹೋದದ್ದು ಹತ್ತು ವರ್ಷದ ಮೇಲೆ ಏನಾಗಿದೆ ಎಂದು ನೋಡುವುದು ಬುದ್ಧಿಗೆ ಅಭ್ಯಾಸ ಕೊಡುತ್ತದೆ.

ನಮ್ಮ ತಂಡದ ಹಿರಿಯರು ಕೋಲ್ಕತ್ತದವರು. ಎಲ್ಲರೂ ದಾದಾ ಎಂದೇ ಕರೆಯುತ್ತಿದ್ದೆವು. ಪಂಚ್ ಕಾರ್ಡಿನ ಕಾಲದಲ್ಲಿ ಕೆಲಸ ಶುರು ಮಾಡಿದವರು. ಆಗೆಲ್ಲ ಕಾರ್ಡಿನ ಕಟ್ಟನ್ನು ಕೊಟ್ಟರೆ ಫಲಿತಾಂಶ ಬರುತ್ತಿದ್ದುದು ಮಾರನೆಯ ದಿನ. ಒಂದು ಪೂರ್ಣವಿರಾಮ ತಪ್ಪಿದರೂ ಒಂದು ದಿನ ಹಾಳು. ಹಾಗಾಗಿ ಯಂತ್ರಕ್ಕೆ ಕೊಡುವ ಮೊದಲು ಮೇಜಿನ ಮೇಲೆ ಹರಡಿಕೊಂಡು ಸಾಲು ಸಾಲಾಗಿ ಓದುವುದು ಅವರಿಗೆ ರಕ್ತಗತವಾಗಿತ್ತು. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋದದ್ದನ್ನೂ, ಅದು ಬಿಟ್ಟುಹೋದ ಯಂತ್ರಗಳನ್ನು ಆಗ ಸರ್ಕಾರಿ ಸಂಸ್ಥೆಯಾಗಿದ್ದ ಸಿಎಂಸಿ ವಹಿಸಿಕೊಂಡು ದೇಶದುದ್ದಕ್ಕೂ ನಡೆಸಿದ್ದನ್ನೂ ಅವರು ಕಣ್ಣಾರೆ ಕಂಡಿದ್ದರು. “ನಾವು ಈ ವಿದ್ಯೆಯನ್ನು ಕಲಿತದ್ದೇ ಬೇರೆಯವರು ಬಿಟ್ಟುಹೋದದ್ದನ್ನು ಓಡಿಸಿಕೊಂಡು” ಎಂದು ಹೇಳುತ್ತಿದ್ದರು. ಆ ಮಾತಿನಲ್ಲಿ ಹೆಮ್ಮೆಯಿತ್ತು.

ನಾನು ಸೇರಿದ ಸ್ವಲ್ಪ ದಿನಕ್ಕೇ ಒಂದು ವಿಚಿತ್ರ ದೂರು ಬಂತು. ಸರ್ಕಾರಿ ನೌಕರರ ಪಿಂಚಣಿ ಕಾಗದಪತ್ರ ಹೊತ್ತಿಗೆ ಸರಿಯಾಗಿ ಸಿದ್ಧವಾಗಲೆಂದು ಆಗ ಒಂದು ನಿಯಮವಿತ್ತು. ಮುಂದಿನ 24ರಿಂದ 30 ತಿಂಗಳಲ್ಲಿ ನಿವೃತ್ತರಾಗುವವರ ಪಟ್ಟಿಯನ್ನು ಪ್ರತಿ ಜನವರಿ 1 ಮತ್ತು ಜುಲೈ 1ಕ್ಕೆ ತಯಾರಿಸಬೇಕಿತ್ತು. 1998ರ ಜನವರಿಯ ಪಟ್ಟಿ ಪ್ರಿಂಟರಿನಿಂದ ಖಾಲಿ ಬಂದಿತ್ತು. ಶೀರ್ಷಿಕೆ ಇತ್ತು, ಪುಟಸಂಖ್ಯೆ ಇತ್ತು, ಹೆಸರುಗಳಿರಲಿಲ್ಲ.

ಕಾರಣ ಹುಡುಕಿದರೆ ಲೆಕ್ಕ ಬಹಳ ಸರಳ. ಆಗ ಹೆಚ್ಚಿನವರಿಗೆ ನಿವೃತ್ತಿ ವಯಸ್ಸು 58. ಆ ಪಟ್ಟಿಯಲ್ಲಿ ಬರಬೇಕಾದವರು 2000ದ ಮೊದಲ ಅರ್ಧದಲ್ಲಿ ನಿವೃತ್ತರಾಗುವವರು, ಅಂದರೆ 1942ರಲ್ಲಿ ಹುಟ್ಟಿದವರು. ಪ್ರೋಗ್ರಾಂ 42ಕ್ಕೆ 58 ಕೂಡಿಸಿತ್ತು. ಮೊತ್ತ ನೂರು. ಇಟ್ಟುಕೊಳ್ಳಲು ಎರಡೇ ಅಂಕಿಯ ಜಾಗ. ಮುಂದಿನ ಒಂದು ಉದುರಿ ಹೋಗಿ ಸೊನ್ನೆ ಸೊನ್ನೆ ಉಳಿಯಿತು, ಆ ಜನರೆಲ್ಲ ಯಾವತ್ತೋ ನಿವೃತ್ತರಾದವರು ಎಂದು ಪ್ರೋಗ್ರಾಂ ತಿಳಿಯಿತು. 2000 ಬರಲು ಇನ್ನೂ ಎರಡು ವರ್ಷವಿರುವಾಗ 2000ದ ಬಗ್ ನಮ್ಮ ಮೇಜಿಗೆ ಬಂದಿತ್ತು.

ಮ್ಯಾನೇಜರರಿಗೆ ಬೇಕಾಗಿದ್ದುದು ಸಂಜೆಯೊಳಗೆ ಪಟ್ಟಿ. ಅದಕ್ಕೊಂದು ಅಡ್ಡದಾರಿಯೂ ಎಲ್ಲರಿಗೂ ಗೊತ್ತಿತ್ತು. ಒಂದು ಗಡಿ ವರ್ಷ ಇಟ್ಟುಕೊಳ್ಳುವುದು. 30ಕ್ಕಿಂತ ಕೆಳಗಿನದು ಬಂದರೆ ಎರಡು ಸಾವಿರದ್ದು, ಮೇಲಿನದು ಬಂದರೆ ಸಾವಿರದ ಒಂಬೈನೂರರದ್ದು ಎಂದು ತಿಳಿಯುವುದು. ಜಗತ್ತಿನಲ್ಲಿ ಎಷ್ಟೋ ಕಡೆ ವೈಟುಕೆ ರಿಪೇರಿ ಹೀಗೇ ನಡೆಯಿತು. ದಾದಾ ಇದಕ್ಕೆ ಅರ್ಧ ಒಪ್ಪಿದರು, ಅರ್ಧ ಒಪ್ಪಲಿಲ್ಲ. ಸಂಬಳದ ಬಿಲ್ಲಿನ ದಿನಾಂಕಕ್ಕೆ ಅದು ಸಾಕು, ಹುಟ್ಟಿದ ದಿನಾಂಕಕ್ಕೆ ಸಾಲದು ಎಂದರು. ಯಾಕೆಂದು ನಮ್ಮನ್ನೇ ಕೇಳಿದರು. ಯಾರೂ ಉತ್ತರಿಸದಿದ್ದಾಗ ಪಿಂಚಣಿದಾರರ ಕಡತದಿಂದ ಒಂದು ಸಾಲು ತೋರಿಸಿದರು: ಹುಟ್ಟಿದ ವರ್ಷ 12. ಎಂಬತ್ತು ದಾಟಿದ, ಇನ್ನೂ ಪಿಂಚಣಿ ತೆಗೆದುಕೊಳ್ಳುತ್ತಿದ್ದ ಹಿರಿಯ ಜೀವ. ಗಡಿ 30 ಎಂದಿಟ್ಟರೆ ಆತ 2012ರಲ್ಲಿ ಹುಟ್ಟಬೇಕಾದವನಾಗುತ್ತಿದ್ದ, ಅವನ ಪಿಂಚಣಿ ನಿಲ್ಲುತ್ತಿತ್ತು. ಹುಟ್ಟಿದ ದಿನಾಂಕಗಳನ್ನೆಲ್ಲ ನಾಲ್ಕಂಕಿಗೆ ಬಿಡಿಸಿದೆವು. ಬಹಳ ಹೆಚ್ಚು ಕೆಲಸ ಹಿಡಿಯಿತು. ಆ 12 ನನ್ನ ಕಣ್ಣ ಮುಂದಿನಿಂದ ಇಂದಿಗೂ ಹೋಗಿಲ್ಲ. ಡೇಟಾ ಎಂದು ನಾವು ಕರೆಯುವುದರಲ್ಲಿ ಒಬ್ಬ ಮನುಷ್ಯ ಇರುತ್ತಾನೆ ಎಂದು ಯಾವ ತರಗತಿಯಲ್ಲೂ ನನಗೆ ಯಾರೂ ಹೇಳಿರಲಿಲ್ಲ.

ದಾದಾ ಇಟ್ಟುಕೊಂಡಿದ್ದ ಒಂದು ಕ್ರಮವನ್ನು ಇಲ್ಲಿ ಹೇಳಬೇಕು. ಊಟವಾದ ಮೇಲಿನ ಒಂದು ಗಂಟೆ ಓದು. ಹಸಿರು ಪಟ್ಟೆಯ ಉದ್ದನೆಯ ಕಾಗದದಲ್ಲಿ ಕೋಡು ಪ್ರಿಂಟ್ ಮಾಡಿ ಮೇಜಿನ ಮೇಲೆ ಹರಡುತ್ತಿದ್ದರು. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಪೆನ್ಸಿಲ್ ಹಿಡಿದು ಅನುಸರಿಸಬೇಕು. ಓದುವುದು ಯಾವಾಗಲೂ ತಂಡದ ಅತಿ ಕಿರಿಯರು. ಅರ್ಥವಾಗದ ಸಾಲು ಬಂದರೆ ನಿಲ್ಲಿಸಲೇಬೇಕು, ದಾಟುವಂತಿಲ್ಲ. ಯಾರಿಗೂ ಅರ್ಥವಾಗದಿದ್ದರೆ ಪಕ್ಕದಲ್ಲಿ ಒಂದು ಸೊನ್ನೆ ಸುತ್ತಿ ಮುಂದೆ ಹೋಗುವುದು. ಆ ಸೊನ್ನೆಗಳಿಗೆಲ್ಲ ಉತ್ತರ ಸಿಗುವ ತನಕ ಆ ಪ್ರೋಗ್ರಾಮಿನಲ್ಲಿ ಯಾರೂ ಕೈಯಾಡಿಸುವಂತಿರಲಿಲ್ಲ. ಬರೆದವನನ್ನು ಬೈಯುವುದಕ್ಕೂ ಬಿಡುತ್ತಿರಲಿಲ್ಲ. “ಇದು ಯಾಕೆ ಇಲ್ಲಿದೆ ಅಂತ ಕೇಳಿ. ಎಂಥಾ ದಡ್ಡ ಬರೆದ ಅಂತ ಕೇಳಬೇಡಿ” ಎನ್ನುತ್ತಿದ್ದರು. ಅವನ ಮೇಲೆ ಆಗ ಯಾವ ಒತ್ತಡವಿತ್ತೋ, ಯಂತ್ರದಲ್ಲಿ ಎಷ್ಟು ಜಾಗವಿತ್ತೋ, ನಮಗೆ ಗೊತ್ತಿಲ್ಲವಲ್ಲ. ಎರಡಂಕಿಯ ವರ್ಷವನ್ನೂ ಜನ ಸೋಮಾರಿತನದಿಂದ ಬರೆದದ್ದಲ್ಲ. ಒಂದೊಂದು ಅಕ್ಷರದ ಜಾಗಕ್ಕೂ ಬೆಲೆಯಿದ್ದ ಕಾಲ ಅದು.

ಈ ಓದಿಗೆ ನಿಜವಾದ ಪರೀಕ್ಷೆ ಬಂದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಪೇಪರುಗಳ ತುಂಬ ಪೋಖ್ರಾನ್ ಅಣುಪರೀಕ್ಷೆ. ಆ ಸದ್ದಿನ ನಡುವೆ, ಮೇ 13ರಂದು, ಕೇಂದ್ರ ಸರ್ಕಾರಿ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ ಅಧಿಸೂಚನೆ ಹೊರಬಿತ್ತು. ಐದನೇ ವೇತನ ಆಯೋಗ ಶಿಫಾರಸು ಮಾಡಿದ್ದು ಅದು. ಸರೋಜಿನಿ ನಗರದಲ್ಲಿ ಪೋಖ್ರಾನಿಗಿಂತ ಇದೇ ದೊಡ್ಡ ಸುದ್ದಿ. ಮಾವನ ಮನೆಯ ಮೇಲಿನ ಕ್ವಾರ್ಟರ್ಸಿನವರು ಮೇ 31ಕ್ಕೆ ನಿವೃತ್ತರಾಗಬೇಕಿತ್ತು. ಊರಿಗೆ ಸಾಗಿಸಲು ಟ್ರಂಕು ಕಟ್ಟಿಟ್ಟಿದ್ದರು. ಎರಡು ವರ್ಷ ಸಿಕ್ಕಿತೆಂದು ಸಂಜೆ ಇಡೀ ಬ್ಲಾಕಿಗೆ ಲಡ್ಡು ಹಂಚಿದರು. ಅದರ ಹಿಂದಿನ ತಿಂಗಳು, ಏಪ್ರಿಲ್ 30ಕ್ಕೆ, ನಿವೃತ್ತರಾಗಿದ್ದ ಇನ್ನೊಬ್ಬರು ಎದುರು ಬ್ಲಾಕಿನಲ್ಲಿದ್ದರು. ಅವರ ಮನೆಗೆ ಲಡ್ಡು ಕೊಡುವುದೋ ಬೇಡವೋ ಎಂದು ಅತ್ತೆ ತುಂಬ ಹೊತ್ತು ಯೋಚಿಸಿದ್ದು ನೆನಪಿದೆ.

ಮಾರನೆಯ ದಿನ ಆಫೀಸಿನಲ್ಲಿ ಮ್ಯಾನೇಜರರು ಹೇಳಿದ್ದು ಇಷ್ಟು: 58 ಇರುವ ಕಡೆಯೆಲ್ಲ 60 ಮಾಡಿ, ಅರ್ಧ ದಿನದ ಕೆಲಸ.

ಹುಡುಕಿದೆವು. 58 ಇರುವ ಸಾಲುಗಳ ಪಟ್ಟಿ ಪುಟಗಟ್ಟಲೆ ಬಂತು. ದಾದಾ ಅದನ್ನು ಯಂತ್ರಕ್ಕೆ ಹಿಂತಿರುಗಿಸದೆ ಓದುವ ಮೇಜಿಗೆ ತಂದರು. ಮೊದಲ ಕೆಲವು ಸಾಲುಗಳು ನಿಜವಾಗಿಯೂ ನಿವೃತ್ತಿ ವಯಸ್ಸೇ. ಆಮೇಲೆ ಬಂದದ್ದು ಸಾಲೆಣಿಕೆ: ವರದಿಯಲ್ಲಿ 58 ಸಾಲು ಮುಗಿದೊಡನೆ ಹೊಸ ಪುಟಕ್ಕೆ ಹೋಗು ಎಂಬ ಆಜ್ಞೆ. ಆ ಉದ್ದನೆಯ ಕಾಗದದಲ್ಲಿ ಒಂದು ಪುಟಕ್ಕೆ 66 ಸಾಲು ಹಿಡಿಯುತ್ತದೆ. ಮೇಲೆ ಶೀರ್ಷಿಕೆಗೆ, ಕೆಳಗೆ ಮೊತ್ತಕ್ಕೆ ಜಾಗ ಬಿಟ್ಟು ಯಾರೋ 58 ಎಂದು ಲೆಕ್ಕ ಹಾಕಿದ್ದರು. ಇದನ್ನೂ 60 ಮಾಡಿದ್ದರೆ ಪ್ರತಿ ಪುಟದ ಮೊತ್ತ ಹರಿಯುವ ಗೆರೆಯ ಮೇಲೆ ಬೀಳುತ್ತಿತ್ತು. ಇನ್ನೊಂದು ಕಡೆ 58 ಎನ್ನುವುದು ಒಂದು ಕಡಿತದ ಸಂಕೇತ ಸಂಖ್ಯೆ. ಅದನ್ನು ಬದಲಿಸಿದ್ದರೆ ಒಂದು ಬಾಬ್ತಿನ ಹಣ ಇನ್ನೊಂದಕ್ಕೆ ಜಮೆಯಾಗುತ್ತಿತ್ತು.

ಹುಡುಕಿದರೆ ಸಿಗುವುದರಿಂದ ಇಷ್ಟು ಅಪಾಯ. ಅದಕ್ಕಿಂತ ಹೆಚ್ಚಿನದು ಹುಡುಕಿದರೆ ಸಿಗದೆ ಇರುವುದರಲ್ಲಿತ್ತು. ಸಾಲ ಮತ್ತು ಮುಂಗಡ ಕಡಿತದ ಪ್ರೋಗ್ರಾಮಿನಲ್ಲಿ 58 ಎಲ್ಲೂ ಇರಲಿಲ್ಲ. ಹಾಗಾಗಿ ಅದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಆದರೂ ಒಮ್ಮೆ ಓದಿಬಿಡೋಣ ಎಂದರು ದಾದಾ. ಓದುವ ಸರದಿ ನನ್ನದು. ಮಧ್ಯದಲ್ಲಿ ಎಲ್ಲೋ 696 ಎಂಬ ಸಂಖ್ಯೆ ಬಂತು. ಯಾವ ವಿವರಣೆಯೂ ಇಲ್ಲ. ನಿಯಮದಂತೆ ನಿಲ್ಲಿಸಿದೆ. ಎಲ್ಲರೂ ಸುಮ್ಮನೆ ಕೂತೆವು. ಆಮೇಲೆ ಆಲಿಗಢದಿಂದ ಬಂದಿದ್ದ ಹುಡುಗನೊಬ್ಬ ಕಾಗದದ ಅಂಚಿನಲ್ಲಿ ಭಾಗಿಸಿ ನೋಡಿ ಕೂಗಿದ: 58ನ್ನು 12ರಿಂದ ಗುಣಿಸಿದರೆ 696. ಯಾರೋ ವಯಸ್ಸನ್ನು ತಿಂಗಳಲ್ಲಿ ಬರೆದಿಟ್ಟಿದ್ದರು!

ಆ ಸಾಲಿನ ಕೆಲಸ ಇಷ್ಟೇ. ನೌಕರನಿಗೆ ಸೇವೆ ಎಷ್ಟು ತಿಂಗಳು ಉಳಿದಿದೆ ಎಂದು ನೋಡು, ಬಾಕಿ ಸಾಲವನ್ನು ಅಷ್ಟು ಕಂತಿಗೆ ಹಂಚು, ಉಳಿದ ತಿಂಗಳು ಸೊನ್ನೆಯಾಗಿದ್ದರೆ ಬಾಕಿ ಪೂರ್ತಿಯನ್ನು ಈ ತಿಂಗಳೇ ಹಿಡಿ. ನಾವು ಅದನ್ನು ಕಾಣದೇ ಹೋಗಿದ್ದರೆ ಆ ಸಂಸ್ಥೆಯಲ್ಲಿ ಐವತ್ತೆಂಟು ತುಂಬಿ, ಹೊಸ ಆಜ್ಞೆಯಿಂದ ಕೆಲಸದಲ್ಲಿ ಉಳಿದ, ಮನೆ ಸಾಲ ಬಾಕಿ ಇದ್ದ ಪ್ರತಿಯೊಬ್ಬರ ಜೂನ್ ಸಂಬಳವೂ ಒಂದೇ ಏಟಿಗೆ ಮುರಿದು ಹೋಗುತ್ತಿತ್ತು. ಅಂಥವರು ಹೇಗಿರುತ್ತಾರೆ ಎಂದು ನನಗೆ ಗೊತ್ತಿತ್ತು. ಮಹಡಿ ಮೆಟ್ಟಿಲಲ್ಲಿ ದಿನಾ ಸಿಗುತ್ತಿದ್ದರು.

ಕೋಡನ್ನು ಮನೆಗೆ ತರುವಂತಿರಲಿಲ್ಲ, ನಿಯಮ ಕೇಳುವುದಕ್ಕೆ ಅಡ್ಡಿಯಿರಲಿಲ್ಲ. ರಾತ್ರಿ ಕರೆಂಟು ಹೋದರೆ ಅಂಗಳದಲ್ಲಿ ಮಂಚ ಹಾಕಿಕೊಂಡು ಮಾವನಿಗೆ ನನ್ನ ಪ್ರಶ್ನೆಗಳನ್ನು ಒಪ್ಪಿಸುತ್ತಿದ್ದೆ. ಅವರ ಬಳಿ ಸರ್ಕಾರಿ ನೌಕರರೆಲ್ಲರ ಬಳಿ ಇರುವ ಸ್ವಾಮಿಯವರ ನಿಯಮಾವಳಿ ಪುಸ್ತಕವಿತ್ತು, ಅದಕ್ಕಿಂತ ಹೆಚ್ಚಿನದು ತಲೆಯಲ್ಲಿತ್ತು.

“ನಿವೃತ್ತಿ ಯಾವತ್ತು ಆಗುತ್ತೆ ಹೇಳು ನೋಡೋಣ” ಎಂದರು ಒಂದು ರಾತ್ರಿ.

“ಅರವತ್ತು ತುಂಬಿದ ದಿನ.”

“ಅಲ್ಲ ಪುಟ್ಟಿ. ತುಂಬಿದ ತಿಂಗಳ ಕೊನೆಯ ದಿನ. ಆದರೆ ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೋಗಬೇಕು. ನಿಮ್ಮ ಮಾವನ ಹುಟ್ಟಿದ ದಿನ ಯಾವಾಗ?”

“ದಾಖಲೆ ಪ್ರಕಾರ ಜೂನ್ ಒಂದು.”

“ಯಾಕೆ?”

ಯಾಕೆಂದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಅಪ್ಪ ಅಮ್ಮನಿಗೆ ನೆನಪಿರುತ್ತಿರಲಿಲ್ಲ. ಶಾಲೆ ಶುರುವಾಗುವ ತಿಂಗಳಿಗೆ ಹೊಂದುವಂತೆ ಮೇಷ್ಟ್ರು ಜೂನ್ 1 ಎಂದು ಬರೆಯುತ್ತಿದ್ದರು. ಒಂದು ತಲೆಮಾರಿಗೆ ತಲೆಮಾರೇ ಜೂನ್ ಒಂದರಂದು ಹುಟ್ಟಿದೆ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಮೇ 31ಕ್ಕೆ ಬೀಳ್ಕೊಡುಗೆ ಸಮಾರಂಭಗಳು ಸಾಲುಗಟ್ಟುವುದು ಇದರಿಂದಲೇ. ಒಂದನೇ ತಾರೀಖಿನವರು ಅಪರೂಪದವರು, ಅವರನ್ನು ಕಡೆಯಲ್ಲಿ ಪರೀಕ್ಷೆ ಮಾಡಿದರಾಯಿತು ಎಂದುಕೊಂಡವರಿಗೆ ಈ ದೇಶದ ಶಾಲಾ ದಾಖಲೆ ಗೊತ್ತಿಲ್ಲ.

ಆಮೇಲೆ ಮಾವ ಕೇಳಿದ ಪ್ರಶ್ನೆ ನಮ್ಮ ತಂಡದಲ್ಲಿ ಯಾರೂ ಯೋಚಿಸಿರದಿದ್ದದ್ದು. ಭವಿಷ್ಯ ನಿಧಿಗೆ ನೌಕರರು ಕೊಡುವ ಚಂದಾ ನಿವೃತ್ತಿಗೆ ಮೂರು ತಿಂಗಳಿರುವಾಗಲೇ ನಿಲ್ಲುತ್ತದೆ. ಮೇ 31ಕ್ಕೆ ಹೋಗಬೇಕಾಗಿದ್ದವರದು ಆಗಲೇ ನಿಂತಿತ್ತು. “ಈಗ ಎರಡು ವರ್ಷ ಸಿಕ್ಕಿತಲ್ಲ, ನಿಂತ ಚಂದಾ ಮತ್ತೆ ಶುರುವಾಗಬೇಕಲ್ವಾ? ನಿಮ್ಮ ಕಂಪ್ಯೂಟರ್ ಶುರು ಮಾಡುತ್ತಾ?” ಮಾರನೆಯ ದಿನ ನೋಡಿದರೆ ಪ್ರೋಗ್ರಾಮಿನಲ್ಲಿ ಚಂದಾ ನಿಲ್ಲಿಸುವ ಗುರುತು ಇತ್ತು, ಮತ್ತೆ ಶುರು ಮಾಡುವ ದಾರಿಯೇ ಇರಲಿಲ್ಲ. ನಿವೃತ್ತಿ ಹತ್ತಿರ ಬಂದವನು ಮತ್ತೆ ದೂರ ಹೋಗಬಹುದು ಎಂದು ಬರೆದವರಿಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು ಎನ್ನಲೂ ಆಗದು. ಹಿಂದಿನ ಸಲ, 55 ಇದ್ದದ್ದು 58 ಆಗಿದ್ದು, 1962ರಲ್ಲಿ.

ದಾದಾ ಇದನ್ನು ಕೇಳಿ ಮಾವನನ್ನು ಆಫೀಸಿಗೆ ಕರೆಸಲಾಗುತ್ತದೆಯೇ ಎಂದು ವಿಚಾರಿಸಿದರು. ಅದು ಆಗಲಿಲ್ಲ. ಅದರ ಬದಲು ಗುತ್ತಿಗೆ ಕೊಟ್ಟ ಸಂಸ್ಥೆಯ ಬಿಲ್ ವಿಭಾಗದ ಒಬ್ಬ ಹಿರಿಯ ಗುಮಾಸ್ತರನ್ನು ವಾರಕ್ಕೊಮ್ಮೆ ನಮ್ಮ ಓದಿಗೆ ಕೂರಿಸಿಕೊಂಡರು. ಅವರಿಗೆ ಕೋಬಾಲ್ ಬಾರದು. ನಾವು ಪ್ರತಿ ಷರತ್ತನ್ನೂ ಹಿಂದಿಯಲ್ಲಿ ಹೇಳಬೇಕು, ಅವರು ಹೌದು ಅಥವಾ ಇಲ್ಲ ಎನ್ನಬೇಕು. ಹಿಂದಿಯಲ್ಲಿ ಹೇಳಲು ಬಾರದ ಷರತ್ತು ನಮಗೇ ಅರ್ಥವಾಗಿಲ್ಲ ಎಂದು ಲೆಕ್ಕ. ಪ್ರೋಗ್ರಾಮರುಗಳನ್ನು ಬೆಳೆಸಲು ಕಂಪನಿಗಳು ಏನೇನೋ ತರಬೇತಿ ಕೊಡುವುದನ್ನು ಆಮೇಲೆ ನೋಡಿದ್ದೇನೆ. ಆ ಗುಮಾಸ್ತರ ಎದುರು ಕೂತು ಕಲಿತಷ್ಟನ್ನು ಯಾವುದರಲ್ಲೂ ಕಲಿಯಲಿಲ್ಲ.

ಒಂದು ಜಗಳವೂ ಆಯಿತು. ಹಳೆಯ ನಿಯಮದಲ್ಲಿ ‘ಡಿ’ ದರ್ಜೆ ನೌಕರರಿಗೆ ಮೊದಲಿನಿಂದಲೂ 60, ಉಳಿದವರಿಗೆ 58. ಪ್ರೋಗ್ರಾಮಿನಲ್ಲಿ ಅದಕ್ಕೆ ಎರಡು ಕವಲುಗಳಿದ್ದವು. ಈಗ ಇಬ್ಬರಿಗೂ 60 ಆಯಿತಲ್ಲ, ಎರಡು ಕವಲು ಯಾಕೆ, ಒಂದು ಮಾಡಿಬಿಡೋಣ, ಕೋಡು ಚೊಕ್ಕವಾಗುತ್ತದೆ ಎಂದು ತಂಡದಲ್ಲಿ ಅರ್ಧ ಜನ ವಾದಿಸಿದೆವು. ನಾನೂ ಆ ಕಡೆಯೇ. ದಾದಾ ಒಪ್ಪಲಿಲ್ಲ. ಸಂಖ್ಯೆ ಒಂದೇ, ಕಾರಣ ಬೇರೆ ಎಂದರು. ಕೆಳದರ್ಜೆಯವರಿಗೆ 60 ಕೊಟ್ಟ ನಿಯಮ ಒಂದು, ಈಗ ಉಳಿದವರಿಗೆ ಕೊಟ್ಟ ನಿಯಮ ಇನ್ನೊಂದು. ನಾಳೆ ಒಂದು ಬದಲಾಗಿ ಇನ್ನೊಂದು ಹಾಗೇ ಇರಬಹುದು. ಉದಾಹರಣೆಗೆ ಅವರು ತೋರಿಸಿದ್ದು ಅದೇ ಪ್ರೋಗ್ರಾಮಿನ ಇನ್ನೊಂದು ಮೂಲೆಯನ್ನು. ಪೂರ್ಣ ಪಿಂಚಣಿಗೆ ಆಗ 33 ವರ್ಷ ಸೇವೆ ಬೇಕಿತ್ತು. ಲೆಕ್ಕ ಹಾಕುವುದು ಅರ್ಧ ವರ್ಷದ ಘಟಕದಲ್ಲಿ, ಅಂದರೆ ಹೆಚ್ಚೆಂದರೆ 66. ಕಾಗದದ ಪುಟದಲ್ಲಿಯೂ 66 ಸಾಲು. ಹಿಂದೆ ಯಾರೋ ಮಿತವ್ಯಯಿ 66ಕ್ಕೆ ಒಂದೇ ಹೆಸರು ಕೊಟ್ಟು ಎರಡು ಕಡೆಯೂ ಬಳಸಿದ್ದರು. ಪಿಂಚಣಿಯ ನಿಯಮ ಬದಲಾದ ದಿನ ಕಾಗದ ಉದ್ದವಾಗುತ್ತದೆಯೇ ಎಂದು ದಾದಾ ಕೇಳಿದಾಗ ನಮ್ಮ ಕಡೆಯವರ ವಾದ ನಿಂತಿತು. ಆರನೇ ವೇತನ ಆಯೋಗದ ನಂತರ ಪೂರ್ಣ ಪಿಂಚಣಿಗಿದ್ದ ಆ 33 ವರ್ಷದ ಷರತ್ತು ನಿಜವಾಗಿಯೂ ಹೋಯಿತು. 2016ರಲ್ಲಿ ಕೇಂದ್ರ ಆರೋಗ್ಯ ಸೇವೆಯ ವೈದ್ಯರಿಗೆ ಮಾತ್ರ ನಿವೃತ್ತಿ ವಯಸ್ಸು 65 ಆಯಿತು. ಆ ಸುದ್ದಿ ಓದಿದಾಗ ನಾನು ಮೊದಲು ನೆನೆದದ್ದು ದಾದಾರನ್ನು.

ಬದಲಾವಣೆ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡ ಬಗೆಯನ್ನೂ ಹೇಳಿಬಿಡುತ್ತೇನೆ. ಹಳೆಯ ಪ್ರೋಗ್ರಾಂ ಹಿಂದಿನ ತಿಂಗಳುಗಳಲ್ಲಿ ಕೊಟ್ಟ ಸಂಬಳದ ಪಟ್ಟಿಗಳನ್ನು ಜೋಪಾನವಾಗಿ ಇಟ್ಟುಕೊಂಡು, ಅದೇ ಮಾಹಿತಿಯನ್ನು ಹೊಸ ಪ್ರೋಗ್ರಾಮಿಗೆ ಕೊಟ್ಟು, ಎರಡನ್ನೂ ತಾಳೆ ನೋಡುವುದು. ವ್ಯತ್ಯಾಸ ಬಂದ ಪ್ರತಿ ಸಾಲಿಗೂ ಕಾರಣ ಹೇಳಬೇಕು. ವ್ಯತ್ಯಾಸ ಬರಬೇಕಾಗಿದ್ದೂ ಬಾರದ ಸಾಲಿಗೂ ಹೇಳಬೇಕು, ಕಷ್ಟ ಇದೇ. ಹೊಸ ಪಟ್ಟಿ ಸರಿಯೆಂದು ಗುಮಾಸ್ತರು ಸಹಿ ಹಾಕಿದ ಮೇಲೆಯೇ ಜೂನ್ ಸಂಬಳದ ಬಿಲ್ಲು ಹೊರಟಿತು.

ನಾವು ಮಾಡುತ್ತಿದ್ದುದಕ್ಕೆಲ್ಲ ಪುಸ್ತಕದ ಹೆಸರುಗಳಿವೆ ಎಂದು ಗೊತ್ತಾದದ್ದು ಆಮೇಲೆ. ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ ಬರೆದ ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’, ಮಾರ್ಟಿನ್ ಫೌಲರ್ ಅವರ ‘ರಿಫ್ಯಾಕ್ಟರಿಂಗ್’ ಎರಡೂ 1999ರಲ್ಲಿ ಬಂದವು. ಹದಿನೇಳು ಜನ ಅಮೆರಿಕದ ಯೂಟಾದಲ್ಲಿ ಸೇರಿ ಸಾಫ್ಟ್‌ವೇರ್ ಕಟ್ಟುವ ಬಗೆಯ ಕುರಿತ ಅಜೈಲ್ ಪ್ರಣಾಳಿಕೆ ಬರೆದದ್ದು 2001ರಲ್ಲಿ. ಅದೇ ವರ್ಷ ಪೀಟ್ ಮೆಕ್‌ಬ್ರೀನ್ ಅವರ ‘ಸಾಫ್ಟ್‌ವೇರ್ ಕ್ರಾಫ್ಟ್ಸ್‌ಮನ್‌ಶಿಪ್’ ಬಂತು. ಹಳೆಯ ಪ್ರೋಗ್ರಾಂ ಈಗ ಏನು ಮಾಡುತ್ತಿದೆಯೋ ಅದನ್ನೇ ಮೊದಲು ಪರೀಕ್ಷೆಯಾಗಿ ಹಿಡಿದಿಟ್ಟುಕೊಂಡು ಆಮೇಲೆ ಕೈಹಾಕಿ ಎಂದು ಮೈಕೆಲ್ ಫೆದರ್ಸ್ 2004ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ವಾದಿಸಿದರು. ನೆಹರೂ ಪ್ಲೇಸಿನ ಆ ಮೇಜಿನ ಮೇಲೆ ಹಸಿರು ಪಟ್ಟೆಯ ಕಾಗದ ತಾಳೆ ನೋಡಿದವರಿಗೆ ಇದು ಓದಿದೊಡನೆ ಅರ್ಥವಾಗುತ್ತದೆ. ಪುಸ್ತಕಗಳು ಮುಖ್ಯ, ನನ್ನ ತಂಡದವರಿಗೆಲ್ಲ ಕೊಟ್ಟು ಓದಿಸುತ್ತೇನೆ. ಆದರೆ 696 ಎದುರಾಗದೇ ಇರುವವರಿಗೆ ಆ ಪುಸ್ತಕಗಳು ಉಪದೇಶದ ಹಾಗೆ ಕೇಳಿಸುತ್ತವೆ.

ತಂಡ 2000ದ ಹೊತ್ತಿಗೆ ಚದುರಿತು. ಆಲಿಗಢದ ಹುಡುಗ ಅಮೆರಿಕಕ್ಕೆ ಹೋದ. ನಾನು ಮದುವೆಯಾಗಿ ಬೆಂಗಳೂರಿಗೆ ಬಂದೆ. ಮಾವ ತಮ್ಮ ಅರವತ್ತನೆಯ ವರ್ಷದ ಮೇ 31ಕ್ಕೆ ನಿವೃತ್ತರಾಗಿ ಸಾಗರಕ್ಕೆ ಹಿಂದಿರುಗಿದರು. 2016ರಲ್ಲಿ ಸರೋಜಿನಿ ನಗರವೂ ಸೇರಿ ದೆಹಲಿಯ ಏಳು ಸರ್ಕಾರಿ ಬಡಾವಣೆಗಳನ್ನು ಕೆಡವಿ ಹೊಸದಾಗಿ ಕಟ್ಟಲು ಕೇಂದ್ರ ಸಂಪುಟ ಒಪ್ಪಿತು. 2018ರಲ್ಲಿ ಮರ ಕಡಿಯುವುದರ ವಿರುದ್ಧ ಜನ ಹೈಕೋರ್ಟಿಗೆ ಹೋದರು. ಈಗ ಅಲ್ಲಿ ಮೆಟ್ರೋ ನಿಲ್ದಾಣವೂ ಇದೆ.

ಬೆಂಗಳೂರಿನಲ್ಲಿ ನಾನು ಮೊದಲ ಸಲ ತಂಡವೊಂದನ್ನು ನಡೆಸಿದ್ದು ಸರ್ಕಾರಿ ನೌಕರರ ಒಂದು ಪತ್ತಿನ ಸಹಕಾರ ಸಂಘದ ಸಾಲದ ಸಾಫ್ಟ್‌ವೇರಿಗೆ. ನಿವೃತ್ತಿಗೆ ಮೊದಲು ತೀರುವಂತೆ ಕಂತು ಕಟ್ಟುವ ಲೆಕ್ಕ. ರಾಜ್ಯದಲ್ಲಿ ಆಗ 58. ವಯಸ್ಸನ್ನು ಕೋಡಿನಲ್ಲಿ ಎಲ್ಲೂ ಬರೆಯಬಾರದು, ದರ್ಜೆವಾರು ಒಂದು ಕೋಷ್ಟಕದಲ್ಲಿಡಬೇಕು, ಅದು ಯಾವತ್ತಿನಿಂದ ಜಾರಿ ಎಂಬ ದಿನಾಂಕವೂ ಪಕ್ಕದಲ್ಲೇ ಇರಬೇಕು ಎಂದು ಹಟ ಹಿಡಿದೆ. ವಯಸ್ಸು ಬದಲಾಗುವ ಮಾತೇ ಇಲ್ಲದಾಗ ಇಷ್ಟು ಖರ್ಚು ಯಾಕೆ ಎಂದು ಕೇಳಿದರು. 2008ರಲ್ಲಿ ಕರ್ನಾಟಕ ಸರ್ಕಾರ 58ನ್ನು 60 ಮಾಡಿತು. ಕೋಷ್ಟಕದಲ್ಲಿ ಹೊಸ ಸಾಲುಗಳನ್ನು ಸೇರಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತಾಳೆ ನೋಡಲು ಹಿಡಿಯಿತು, ಅದರಲ್ಲೂ ಜೂನ್ ಒಂದರಂದು ಹುಟ್ಟಿದವರ ಸಾಲಗಳನ್ನು. ನಮ್ಮ ತಂಡದ ಮೂವರು ಆ ವಾರ ಪೂರ್ತಿ ಅದನ್ನೇ ಮಾಡಿದರು, ಸಂಘದ ಕಾರ್ಯದರ್ಶಿ ಪಕ್ಕದಲ್ಲಿ ಕೂತಿದ್ದರು.

ಓದುವ ಗಂಟೆಯನ್ನು ನಾನು ಹೋದ ಕಡೆಯೆಲ್ಲ ಉಳಿಸಿಕೊಳ್ಳಲು ಹೋರಾಡಿದ್ದೇನೆ. ಕ್ಲೈಂಟಿಗೆ ಬಿಲ್ ಮಾಡಲಾಗದ ಗಂಟೆ ಅದು, ಹಾಗಾಗಿ ಖರ್ಚು ಕಡಿಮೆ ಮಾಡಬೇಕಾದಾಗ ಮೊದಲು ಕಣ್ಣಿಗೆ ಬೀಳುವುದೂ ಅದೇ. ಪರದೆಯ ಮೇಲೆ ಬದಲಾದ ಸಾಲುಗಳನ್ನಷ್ಟೇ ನೋಡಿ ಒಪ್ಪಿಗೆ ಕೊಡುವ ರಿವ್ಯೂ ಇದೆಯಲ್ಲ, ಅದು ಸಾಲದೇ ಎಂದು ಕೇಳುತ್ತಾರೆ. ಅದು ಬೇಕು, ಸಾಲದು. ಬದಲಾದ ಸಾಲಿನಲ್ಲಿ 58 ಕಾಣುತ್ತದೆ. ಬದಲಾಗಬೇಕಾಗಿದ್ದೂ ಬದಲಾಗದ 696 ಅಲ್ಲಿ ಕಾಣುವುದಿಲ್ಲ. ಇದನ್ನು ಮೇಲಿನವರಿಗೆ ಎಷ್ಟು ಸಲ ವಿವರಿಸಿದ್ದೇನೋ. ಕೆಲವರು ಕೇಳಿದ್ದಾರೆ, ಕೆಲವು ಕಡೆ ಆ ಗಂಟೆ ಹೋಗಿದೆ, ಅಲ್ಲೆಲ್ಲ ಕಿರಿಯರು ಬೇಗ ಬೇಗ ಕೆಲಸ ಬಿಟ್ಟು ಹೋಗುವುದನ್ನೂ ಕಂಡಿದ್ದೇನೆ.

ಈಗ, ಮಾತಿನಲ್ಲಿ ಹೇಳಿದರೆ ಕೋಡನ್ನು ತಾವೇ ಬರೆದುಕೊಡುವ ಸಾಧನಗಳು ಬಂದಿವೆ. ನಮ್ಮ ತಂಡವೂ ಬಳಸುತ್ತದೆ, ಒಳ್ಳೆಯದಕ್ಕೇ ಬಳಸುತ್ತದೆ. ಬರೆಯುವ ಹೊತ್ತು ಉಳಿದಿದೆ. ಉಳಿದ ಹೊತ್ತನ್ನು ಓದಿಗೆ ಕೊಡಬೇಕೆಂದು ನನ್ನ ಪಟ್ಟು, ಯಾಕೆಂದರೆ ಆ ಕೋಡನ್ನು ಬರೆದವರನ್ನು ಹುಡುಕಿಕೊಂಡು ಹೋಗಿ ಇದು ಯಾಕೆ ಇಲ್ಲಿದೆ ಎಂದು ಕೇಳುವ ದಾರಿ ಇನ್ನೂ ಕಿರಿದಾಗಿದೆ.

ಹೊಸಬರನ್ನು ಸಂದರ್ಶನ ಮಾಡುವಾಗ ನಾನು ಕೇಳುವ ಮೊದಲ ಪ್ರಶ್ನೆ, ನೀವು ಕೈಯಾಡಿಸಿದ ಅತ್ಯಂತ ಹಳೆಯ ಕೋಡು ಯಾವುದು, ಅದರಲ್ಲಿ ಏನು ಕಂಡಿರಿ. ಹೆಚ್ಚಿನವರು ತಾವು ಹೊಸದಾಗಿ ಕಟ್ಟಿದ್ದರ ಬಗ್ಗೆಯೇ ಹೇಳಲು ಶುರು ಮಾಡುತ್ತಾರೆ. ಇತ್ತೀಚೆಗೆ ಕಲಬುರಗಿಯ ಹುಡುಗಿಯೊಬ್ಬಳು ಬಂದಿದ್ದಳು. ಕಾಲೇಜಿನ ಶುಲ್ಕದ ಹಳೆಯ ಪ್ರೋಗ್ರಾಮನ್ನು ನೋಡಿಕೊಳ್ಳುತ್ತಿದ್ದಳಂತೆ. ಅದರಲ್ಲಿ ಒಂದು ಜಿಲ್ಲೆಯ ವಿದ್ಯಾರ್ಥಿಗಳಿಗೆ ಮಾತ್ರ ಒಂದು ವಿಚಿತ್ರ ರಿಯಾಯಿತಿ ಇತ್ತು, ತೆಗೆದುಹಾಕು ಎಂದರು ಎಲ್ಲರೂ. “ನಾ ತೆಗೀಲಿಲ್ರೀ ಮೇಡಂ. ಕಚೇರಿಯೊಳಗ ಹಳೇ ಅಕೌಂಟೆಂಟ್ ಒಬ್ರು ಇದ್ರು, ಅವರನ್ನ ಕೇಳ್ಕೊಂಡು ಬಂದೆ. ಬರಗಾಲದ ವರ್ಷ ಕೊಟ್ಟಿದ್ದು, ಆದೇಶ ಇನ್ನೂ ಜಾರಿಯೊಳಗ ಅದ” ಎಂದಳು. ಉಳಿದ ಪ್ರಶ್ನೆಗಳನ್ನೂ ಕೇಳಿದೆ, ಆದರೆ ನಿರ್ಧಾರ ಅಲ್ಲಿಗೇ ಆಗಿತ್ತು. ಮುಂದಿನ ತಿಂಗಳ ಒಂದನೇ ತಾರೀಖಿಗೆ ಸೇರುತ್ತಾಳೆ. ಮೊದಲ ವಾರದ ಓದು ಅವಳದೇ.